ಅಪ್‌ಡೇಟ್: ತಂಗಿಗೆ ಅಪ್ರೆಂಟಿಸ್‌ಶಿಪ್ ಸಿಕ್ತು

ಡೊಂಬಿವಲಿಯಲ್ಲಿ ಬಿ.ಕಾಂ. ಮುಗಿಸಿದ ತಂಗಿಗೆ ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್‌ನಿಂದ ಏನೂ ಆಗಲಿಲ್ಲ, ಮುಂದೇನು ಅಂತ ಕೇಳಿದ್ದೆನಲ್ಲ. ನಿಮ್ಮಲ್ಲೊಬ್ಬರು ಹೇಳಿದ ನ್ಯಾಟ್ಸ್, ಅಂದರೆ ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ (ಕಂಪನಿಯಲ್ಲೇ ಕೆಲಸ ಕಲಿಯುವ ತರಬೇತಿ) ಯೋಜನೆಯ ದಾರಿ ಹಿಡಿದೆವು. ಈ ಯೋಜನೆ ನೋಡಿಕೊಳ್ಳುವ ಪಶ್ಚಿಮ ವಲಯದ ಮಂಡಳಿ ಇಲ್ಲೇ ಮುಂಬೈಯ ಸಯನ್‌ನಲ್ಲಿದ್ದರೂ ಅಲೆದಾಟ ಬೀಳಲಿಲ್ಲ, ಎಲ್ಲ ಆನ್‌ಲೈನ್. ಠಾಣೆಯ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ಜಾಗ ಸಿಕ್ಕಿದೆ.

ಅಪ್ಪನ ತಕರಾರು ಮಾತ್ರ ನಿಂತಿಲ್ಲ: "ಇದೂ ಒಂದು ನೌಕರಿಯಾ?" ನೌಕರಿ ಅಲ್ಲ, ನಿಜ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಅವಳು ಟ್ರೈನಿ, ಕಾರ್ಮಿಕಳಲ್ಲ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಡ್ಡಾಯವೂ ಕಂಪನಿಗಿಲ್ಲ. ಸ್ಟೈಪೆಂಡ್ ಇದೆ (ಕನಿಷ್ಠ ಮೊತ್ತದ ಅರ್ಧ ಸರ್ಕಾರದ್ದು), ಕೊನೆಗೆ ಪ್ರಮಾಣಪತ್ರವೂ ಇದೆ. ಮನೇಲಿ ಸುಮ್ಮನೆ ಕೂರೋದಕ್ಕಿಂತ ವಾಸಿ ಅಂತ ನನ್ನ ಲೆಕ್ಕ. ನೀವೂ ಸೇರೋದಾದರೆ, ಕಂಪನಿ ಜೊತೆಗಿನ ಒಪ್ಪಂದ ನ್ಯಾಟ್ಸ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆಯಾ ಅಂತ ಮೊದಲೇ ನೋಡಿಕೊಳ್ಳಿ.