ಮಳೆಗಾಲಕ್ಕೆ ಮನೆಯ ಬ್ಯಾಟರಿ: ಸೀಸವೋ, ಲಿಥಿಯಮ್ಮೋ?

ಮಾಡಿನಡಿ (ತೀರ್ಥಹಳ್ಳಿ ಕಡೆ):
ಜೂನ್ ಹತ್ತಿರವಾದಂತೆ ಪ್ರತಿ ವರ್ಷ ಹತ್ತು ಜನ ಒಂದೇ ಪ್ರಶ್ನೆಯನ್ನು ಕೇಳುತ್ತಾರಾದ್ದರಿಂದ ಈ ಸಲ ಉತ್ತರವನ್ನು ಮೊದಲೇ ಬರೆದಿಡುತ್ತಿದ್ದೇನೆ. ಮನೆಯಲ್ಲೇ ಕುಳಿತು ಕಂಪ್ಯೂಟರ್ ಕೆಲಸ ಮಾಡುವವರು ಇನ್ವರ್ಟರಿಗೆ ಹೊಸ ಬ್ಯಾಟರಿ ಕೊಳ್ಳುವುದಾದರೆ, 150 ಆಂಪಿಯರ್-ಗಂಟೆಯ (ಎಎಚ್) ಸೀಸದ ಟ್ಯುಬುಲರ್ ಬ್ಯಾಟರಿಗಿಂತ 100 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯೇ ಮೇಲು. ಲೆಕ್ಕ ಹೀಗಿದೆ. ಸೀಸದ್ದು 12 ವೋಲ್ಟಿಗೆ 1800 ವ್ಯಾಟ್-ಗಂಟೆ ಎಂದಾದರೂ ಅದರ ಆಯುಸ್ಸು ಉಳಿಯಬೇಕಾದರೆ ಅರ್ಧಕ್ಕಿಂತ ಹೆಚ್ಚು ಬಳಸಬಾರದು. ಅಲ್ಲಿಗೆ ಕೈಗೆ ಸಿಗುವುದು 900. ಲಿಥಿಯಮ್ಮಿನದು 12.8 ವೋಲ್ಟಿಗೆ 1280. ಅದರಲ್ಲಿ ಶೇಕಡಾ 80ರಷ್ಟನ್ನು ನಿಶ್ಚಿಂತೆಯಿಂದ ಬಳಸಬಹುದು. ನಮ್ಮ ಮನೆಯಲ್ಲಿ ರೌಟರ್ ಮತ್ತು ಫೈಬರ್ ಪೆಟ್ಟಿಗೆ ಸೇರಿ 12 ವ್ಯಾಟ್, ಲ್ಯಾಪ್‌ಟಾಪ್ 50, ಎರಡು ಎಲ್‌ಇಡಿ ಬಲ್ಬು 18, ಕಡಿಮೆ ಕರೆಂಟಿನ ಬಿಎಲ್‌ಡಿಸಿ ಫ್ಯಾನು 30, ಒಟ್ಟು 110 ವ್ಯಾಟ್. ಇನ್ವರ್ಟರ್ ತಾನೇ ನುಂಗುವುದನ್ನು ಕಳೆದರೆ ಸೀಸದ್ದು ಏಳು ಗಂಟೆ, ಲಿಥಿಯಂ ಎಂಟು ಗಂಟೆಯ ಹತ್ತಿರ ಬರುತ್ತದೆ.

ಆದರೆ ನಿಜವಾದ ಕಾರಣ ಈ ಒಂದು ಗಂಟೆಯ ವ್ಯತ್ಯಾಸವಲ್ಲ. ಆಷಾಢದಲ್ಲಿ ಲೈನಿನ ಮೇಲೆ ಮರ ಬಿದ್ದು ಸಂಜೆ ಹೋದ ಕರೆಂಟು ಮರುದಿನ ಮಧ್ಯಾಹ್ನ ಬಂದು, ಎರಡು ಗಂಟೆ ಇದ್ದು, ಮತ್ತೆ ಹೋಗುತ್ತದೆ. ಹೀಗೆ ವಾರಗಟ್ಟಲೆ ಅರೆಹೊಟ್ಟೆಯಲ್ಲಿರುವ ಸೀಸದ ಬ್ಯಾಟರಿಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಡುಸಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ಲಿಥಿಯಂ ಬ್ಯಾಟರಿಗೆ ಅರೆಹೊಟ್ಟೆಯಲ್ಲಿರುವುದು ಒಂದು ತೊಂದರೆಯೇ ಅಲ್ಲ. ಸೀಸದ್ದು ಈಗಾಗಲೇ ಮನೆಯಲ್ಲಿರುವವರು ಮಳೆ ಹಿಡಿಯುವ ಮೊದಲು ನೀರಿನ ಮಟ್ಟ ನೋಡಿಕೊಳ್ಳಿ. ಆದರೆ ದಯವಿಟ್ಟು ಸೂರಿನ ನೀರು ಹಿಡಿದು ಅದಕ್ಕೆ ಸುರಿಯಬೇಡಿ.

ಬೆಸುಗೆ (ಶಿವಮೊಗ್ಗ):
"ಮೇಲು" ಎಂಬ ಮಾತನ್ನು ಇಷ್ಟು ಸುಲಭವಾಗಿ ಬಳಸಬಾರದು. ನಾನು ದಿನವೂ ಇವುಗಳನ್ನು ಬಿಚ್ಚಿ ರಿಪೇರಿ ಮಾಡುವವನು. ಸೀಸದ ಬ್ಯಾಟರಿ ಕೆಟ್ಟರೆ ತೀರ್ಥಹಳ್ಳಿಯಲ್ಲೇ ನೋಡುವವರಿದ್ದಾರೆ, ಪೂರ್ತಿ ಸತ್ತರೂ ಗುಜರಿಯಲ್ಲಿ ಅದಕ್ಕೆ ಬೆಲೆಯಿದೆ, ಹೊಸದು ಕೊಳ್ಳುವಾಗ ಅಂಗಡಿಯವನೇ ಹಳೆಯದನ್ನು ಹೊತ್ತುಕೊಂಡು ಹೋಗುತ್ತಾನೆ. ಲಿಥಿಯಮ್ಮಿನ ಒಳಗೆ ಸೆಲ್ಲುಗಳನ್ನು ಕಾಯುವ ಬಿಎಂಎಸ್ ಎಂಬ ಫಲಕವಿರುತ್ತದೆ. ನಿಮ್ಮ ಕಡೆಯ ಥಂಡಿಗೆ ಅದು ಹಸಿರುಗಟ್ಟಿದರೆ ನಾಲ್ಕೂ ಸೆಲ್ಲು ಗಟ್ಟಿಯಿದ್ದರೂ ಪೆಟ್ಟಿಗೆ ಬೆಂಗಳೂರಿಗೆ ಹೋಗಬೇಕು. ಇನ್ನು ಎರಡು ಗಂಟೆ ಕರೆಂಟಿನ ಕಥೆ. ಮನೆಗಳಲ್ಲಿರುವ ಸಾಮಾನ್ಯ ಇನ್ವರ್ಟರ್ ಕೊಡುವುದು ಹೆಚ್ಚೆಂದರೆ 15 ಆಂಪಿಯರ್. ಎರಡು ಗಂಟೆಗೆ 30 ಎಎಚ್ ಆಯಿತು. ಲಿಥಿಯಂ ಆದರೂ ಅಷ್ಟೇ, ಸೀಸವಾದರೂ ಅಷ್ಟೇ. ಬ್ಯಾಟರಿ ಬದಲಾಯಿಸಿದ ಮಾತ್ರಕ್ಕೆ ಚಾರ್ಜರ್ ಬದಲಾಗುವುದಿಲ್ಲ ಎಂಬುದನ್ನು ನೀವು ಬರೆಯಬೇಕಿತ್ತು.

ಹುಲಿಕಲ್ ಮಳೆ:
ರೌಟರಿಗಾಗಿ ಇನ್ವರ್ಟರ್ ಓಡಿಸುವುದೇ ನನಗೆ ಅರ್ಥವಾಗದ ವಿಚಾರ. ರೌಟರ್ ಕೇಳುವುದು 12 ವೋಲ್ಟಿನ ಡಿಸಿ, ಬ್ಯಾಟರಿಯಲ್ಲಿರುವುದೂ ಅದೇ. ಅದನ್ನು 230 ವೋಲ್ಟಿನ ಎಸಿಗೆ ಏರಿಸಿ, ಅಡಾಪ್ಟರಿನಲ್ಲಿ ಪುನಃ 12ಕ್ಕೆ ಇಳಿಸುವ ಈ ದಂಡಯಾತ್ರೆಯಲ್ಲಿ, ಇನ್ವರ್ಟರ್ ಸುಮ್ಮನೆ ಚಾಲೂ ಇರುವುದಕ್ಕೇ ರೌಟರಿನಷ್ಟು ಕರೆಂಟು ತಿನ್ನುತ್ತದೆ. ನಾನು ಪುಟ್ಟ ಡಿಸಿ ಯುಪಿಎಸ್ ಒಂದನ್ನು ರೌಟರಿಗೆ ನೇರವಾಗಿ ಸಿಕ್ಕಿಸಿಟ್ಟಿದ್ದೇನೆ. ರಾತ್ರಿ ಇನ್ವರ್ಟರ್ ಆರಿಸಿ ಮಲಗುತ್ತೇನೆ.

ದಂಬೆ (ಹೊಸನಗರ):
ಮಾಡಿನಡಿಯವರೇ, ಉಳಿದದ್ದೆಲ್ಲ ಇರಲಿ. "ಸೂರಿನ ನೀರು ಸುರಿಯಬೇಡಿ" ಎಂದು ಅಪ್ಪಣೆ ಕೊಡಿಸಿದಿರಲ್ಲ, ಅದಕ್ಕೆ ಆಧಾರವೇನು? ನಮ್ಮ ತಂದೆಯವರು 1987ರಲ್ಲಿ ಕೊಂಡ ಜೀಪಿನ ಬ್ಯಾಟರಿಗೆ ಮಳೆಯ ನೀರನ್ನಲ್ಲದೆ ಬೇರೆ ನೀರು ಹಾಕಿದವರಲ್ಲ. ಮಾಡಿನ ಅಂಚಿಗೆ ಅಡಿಕೆ ಮರದ ದಂಬೆ (ನೀರು ಹರಿಯುವ ದೋಣಿ) ಕಟ್ಟಿ, ಮೊದಲ ನಾಲ್ಕು ದಿನದ ನೀರನ್ನು ತೋಟಕ್ಕೆ ಬಿಟ್ಟು, ಐದನೆಯ ದಿನದಿಂದ ಬಿಳಿಯ ಬಟ್ಟೆಯಲ್ಲಿ ಸೋಸಿ ಗಾಜಿನ ಭರಣಿಯಲ್ಲಿ ತುಂಬಿಡುತ್ತಿದ್ದರು. ಸೂರ್ಯನೇ ಬಟ್ಟಿ ಇಳಿಸಿಕೊಟ್ಟ ನೀರನ್ನು ಬಿಟ್ಟು, ಪ್ಲಾಸ್ಟಿಕ್ ಕ್ಯಾನಿನಲ್ಲಿ ಯಾರೋ ತುಂಬಿಸಿದ ನೀರಿಗೆ ದುಡ್ಡು ಕೊಡಿ ಎಂದು ಮಲೆನಾಡಿನವರಿಗೆ ಹೇಳುವುದು ಸಮುದ್ರದ ದಂಡೆಯವರಿಗೆ ಉಪ್ಪು ಮಾರಿದ ಹಾಗೆ.

ಮಾಡಿನಡಿ:
ಆಧಾರ ಬಹಳ ಸರಳವಾಗಿದೆ. ಕಳೆದ ವರ್ಷ ನಾನೇ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣಗಳ ಅಂದಾಜು ಕೊಡುವ ಉಪಕರಣ) ಅದ್ದಿ ನೋಡಿದ್ದೇನೆ. ಅಂಗಡಿಯ ಬ್ಯಾಟರಿ ನೀರಿಗೆ ಅದು 1 ತೋರಿಸಿತು, ನಮ್ಮ ಹಂಚಿನ ಮಾಡಿನಿಂದ ಇಳಿದ ನೀರಿಗೆ 38. ಅಲ್ಲದೆ ಐದು ಲೀಟರಿನ ಕ್ಯಾನು ಇನ್ನೂರು ರೂಪಾಯಿಯನ್ನೂ ದಾಟುವುದಿಲ್ಲ. ಸಾವಿರಾರು ರೂಪಾಯಿಯ ಬ್ಯಾಟರಿಗೆ ಅಷ್ಟು ಖರ್ಚು ಮಾಡಲು ಏಕೆ ಹಿಂದೆಮುಂದೆ ನೋಡಬೇಕು?

ದಂಬೆ:
38 ಬಂದದ್ದು ನಿಮ್ಮ ಮಾಡಿನ ಪಾಚಿಯಿಂದ. ಅಂಗಳದ ನಡುವೆ, ತಲೆಯ ಮೇಲೆ ಒಂದು ಸೋಗೆಯೂ ಇಲ್ಲದ ಕಡೆ ಸ್ಟೀಲ್ ಪಾತ್ರೆಯಿಟ್ಟು ಹಿಡಿದ ನೀರಿಗೆ ನನ್ನ ಮಗನ ಮೀಟರ್ 6 ತೋರಿಸಿದೆ, ಫೋಟೋ ಇದೆ. ಅಡುಗೆಮನೆಯ ಆರ್‌ಓ ಯಂತ್ರದ ನೀರಿಗೇ 40 ತೋರಿಸುವ ಮೀಟರ್ ಅದು. ಈಗ ಏನು ಹೇಳುತ್ತೀರಿ?

ಸಾಗರದ ಮೇಷ್ಟ್ರು:
ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನಾಗಿ ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ. ಮಳೆಯ ನೀರು ಶುದ್ಧ ನೀರಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅದರಲ್ಲಿ ಕರಗಿ, ಪಿಎಚ್ 5.6ರ ಆಸುಪಾಸಿಗೆ ಇಳಿದಿರುತ್ತದೆ. ಎರಡನೆಯದಾಗಿ, ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನು ಮಾತ್ರ. ಒಳಗೆ ಯಾರಿದ್ದಾರೆ ಎಂಬುದು ಅದಕ್ಕೆ ಗೊತ್ತಿಲ್ಲ. ಬ್ಯಾಟರಿಗೆ ಮುಖ್ಯವಾದದ್ದು ಅದೇ. ಕಬ್ಬಿಣದ ಅಂಶ ಸೇರಿದರೆ ಅದು ಎರಡು ಪ್ಲೇಟುಗಳ ನಡುವೆ ಓಡಾಡುತ್ತ, ಒಂದು ಕಡೆ ಎಲೆಕ್ಟ್ರಾನ್ ಪಡೆದು ಇನ್ನೊಂದು ಕಡೆ ಕೊಡುತ್ತ, ಯಾವ ದೀಪವನ್ನೂ ಉರಿಸದೆ ಬ್ಯಾಟರಿಯನ್ನು ಒಳಗಿಂದೊಳಗೇ ಖಾಲಿ ಮಾಡುತ್ತದೆ. ಕ್ಲೋರೈಡ್ ಧನ ಪ್ಲೇಟಿನ ಕಡ್ಡಿಗಳನ್ನು ಕೊರೆಯುತ್ತದೆ. ಬ್ಯಾಟರಿ ನೀರಿಗೆಂದೇ ಇರುವ ಭಾರತೀಯ ಮಾನಕ ಐಎಸ್ 1069 ಕಬ್ಬಿಣಕ್ಕೂ ಕ್ಲೋರೈಡಿಗೂ ಬೇರೆ ಬೇರೆ ಮಿತಿ ಹಾಕಿರುವುದು ಇದಕ್ಕಾಗಿಯೇ. ನಮ್ಮ ಮಳೆ ಬರುವುದು ಅರಬ್ಬಿ ಸಮುದ್ರದ ಕಡೆಯಿಂದ. ಆಕಾಶ ತಿಳಿಯಾದ ದಿನ ಆಗುಂಬೆಯ ಸೂರ್ಯಾಸ್ತದ ಕಟ್ಟೆಯಲ್ಲಿ ನಿಂತವರಿಗೆ ಆ ಸಮುದ್ರ ಕಣ್ಣಿಗೇ ಕಾಣುತ್ತದೆ.

ಬೆಸುಗೆ:
ಮೇಷ್ಟ್ರೇ, ಗೌರವವಿಟ್ಟೇ ಕೇಳುತ್ತೇನೆ. ಬಟ್ಟಿ ಇಳಿಸಿದ ನೀರಿನ ಕ್ಯಾನನ್ನು ಮುಚ್ಚಳ ತೆಗೆದು ಒಂದು ರಾತ್ರಿ ಮೇಜಿನ ಮೇಲಿಟ್ಟರೆ ಅದೂ ಅದೇ ಗಾಳಿಯನ್ನೇ ಕುಡಿಯುತ್ತದಲ್ಲವೇ? ಅದರ ಪಿಎಚ್ ಕೂಡ ಆ 5.6ರ ಕಡೆಗೇ ಇಳಿಯುತ್ತದಲ್ಲವೇ? ಅಂದ ಮೇಲೆ ಪಿಎಚ್ ಮಾತನ್ನು ಇಲ್ಲಿಗೆ ತಂದದ್ದೇಕೆ? ಬ್ಯಾಟರಿಯ ಒಳಗಿರುವುದು ತೂಕದಲ್ಲಿ ಮೂರನೇ ಒಂದು ಪಾಲಿನಷ್ಟು ಗಂಧಕಾಮ್ಲ. ಮಳೆಯ ಹುಳಿ ಅದಕ್ಕೆ ಯಾವ ಲೆಕ್ಕ?

ದಂಬೆ:
ನೋಡಿ, ರಿಪೇರಿಯವರೇ ಒಪ್ಪಿದರು. ಆಮ್ಲಕ್ಕೆ ಆಮ್ಲ ಸೇರಿದರೆ ಏನೂ ಆಗುವುದಿಲ್ಲ. ಇನ್ನು ಉಪ್ಪಿನ ವಿಚಾರ. ಸಮುದ್ರದ ನೀರು ಆವಿಯಾಗುವಾಗ ಉಪ್ಪು ಕೆಳಗೇ ಉಳಿಯುತ್ತದೆ ಎಂದು ಆರನೆಯ ತರಗತಿಯಲ್ಲಿ ನನಗೆ ಕಲಿಸಿದ್ದು ತಮ್ಮಂಥ ಮೇಷ್ಟ್ರುಗಳೇ.

ಬೆಸುಗೆ:
ನಾನು ಒಪ್ಪಿದ್ದು ಪಿಎಚ್ ಬಗ್ಗೆ ಮಾತ್ರ. ನನ್ನ ಹೆಸರನ್ನು ನಿಮ್ಮ ಭರಣಿಯೊಳಗೆ ಹಾಕಬೇಡಿ.

ಸಾಗರದ ಮೇಷ್ಟ್ರು:
ಪಿಎಚ್ ಅಪಾಯಕಾರಿ ಎಂದು ನಾನು ಎಲ್ಲಿಯೂ ಬರೆದಿಲ್ಲ. ಶುದ್ಧವಲ್ಲ ಎಂಬುದಕ್ಕೆ ಉದಾಹರಣೆಯಾಗಿ ಕೊಟ್ಟೆ, ಓದುವವರು ಸಾವಧಾನವಾಗಿ ಓದಬೇಕು. ಇನ್ನು ದಂಬೆಯವರ ಆರನೆಯ ತರಗತಿಯ ಪಾಠ ಅರ್ಧಕ್ಕೇ ನಿಂತಿದೆ. ಉಪ್ಪು ಬರುವುದು ಆವಿಯ ಜೊತೆಯಲ್ಲಲ್ಲ. ಅಲೆ ಒಡೆದಾಗ ಹಾರುವ ಸಣ್ಣ ಹನಿಗಳು ಗಾಳಿಯಲ್ಲೇ ಒಣಗಿ ಉಪ್ಪಿನ ಕಣಗಳಾಗುತ್ತವೆ, ಮೋಡದ ಹನಿಗಳು ಕಟ್ಟಿಕೊಳ್ಳುವುದೇ ಅಂತಹ ಕಣಗಳ ಸುತ್ತ.

ದಂಬೆ:
ಹಾಗಾದರೆ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಕಾಡು ಇಷ್ಟು ಹೊತ್ತಿಗೆ ಉಪ್ಪಿನಕಾಯಿಯಾಗಿರಬೇಕಿತ್ತು. ಅಷ್ಟು ಮಳೆ ಬಿದ್ದ ಮೇಲೆ ಗಾಳಿಯಲ್ಲಿ ತೊಳೆಯಲು ಇನ್ನೇನು ಉಳಿದಿರುತ್ತದೆ ಸ್ವಾಮಿ? ಜುಲೈ ತಿಂಗಳ ನೀರಿನಲ್ಲಿ ಕಬ್ಬಿಣ ಎಲ್ಲಿಂದ ಬರುತ್ತದೆ, ಆಕಾಶದಲ್ಲಿ ಯಾರಾದರೂ ಕುಲುಮೆ ಇಟ್ಟಿದ್ದಾರೆಯೇ?

ಹುಲಿಕಲ್ ಮಳೆ:
ಆಕಾಶದಲ್ಲಿ ಇಲ್ಲ, ನಿಮ್ಮ ಬಚ್ಚಲಿನಲ್ಲಿದೆ. ಮಲೆನಾಡಿನ ಮನೆಗಳಲ್ಲಿ ಬಚ್ಚಲ ಒಲೆ ಬೆಳಗಿನಿಂದ ರಾತ್ರಿಯವರೆಗೆ ಉರಿಯುತ್ತಿರುತ್ತದೆ. ಅದರ ಹೊಗೆ, ಬೂದಿ ಹೋಗಿ ಕೂರುವುದು ಅದೇ ಹಂಚಿನ ಮೇಲೆ. ಕಟ್ಟಿಗೆಯ ಬೂದಿಯಲ್ಲಿ ಕ್ಷಾರವೂ ಇದೆ, ಕ್ಲೋರೈಡೂ ಇದೆ. ಕಬ್ಬಿಣ ಬೇಕೆಂದರೆ ದನದ ಕೊಟ್ಟಿಗೆಗೆ ಹಾಕಿರುವ ತುಕ್ಕು ಹಿಡಿದ ತಗಡನ್ನು ನೋಡಿ. ಅಂದಹಾಗೆ ಅಣ್ಣ, ಆ ಜೀಪಿಗೆ ಎಷ್ಟು ವರ್ಷಕ್ಕೊಮ್ಮೆ ಬ್ಯಾಟರಿ ಬದಲಾಯಿಸುತ್ತಿದ್ದಿರಿ?

ದಂಬೆ:
ಎರಡೂವರೆ, ಮೂರು ವರ್ಷಕ್ಕೊಮ್ಮೆ. ಆ ಕಾಲದಲ್ಲಿ ಎಲ್ಲರ ಜೀಪಿನದೂ ಅಷ್ಟೇ ಬಾಳುತ್ತಿತ್ತು ತಂಗಿ, ಕ್ಯಾನಿನ ನೀರು ಹಾಕಿದವರದೂ ಸೇರಿ. ನಮ್ಮದು ದನದ ಕೊಟ್ಟಿಗೆಯ ತಗಡಿನ ನೀರಲ್ಲ ಎಂದು ಮೊದಲೇ ಬರೆದಿದ್ದೇನೆ.

ವಿನೋಬನಗರ:
ಏಸಿಯಿಂದ ತೊಟ್ಟಿಕ್ಕುವ ನೀರನ್ನು ಹಾಕಬಹುದೇ? ಅದೂ ಆವಿಯಿಂದಲೇ ಆದದ್ದು.

ಬೆಸುಗೆ:
ಹಾಕಬಾರದು. ಏಸಿಯ ತಾಮ್ರದ ಕೊಳವೆ, ಅಲ್ಯುಮಿನಿಯಂ ರೆಕ್ಕೆ, ಅವುಗಳ ಮೇಲೆ ಕೂತ ಕೋಣೆಯ ಧೂಳು, ಎಲ್ಲವನ್ನೂ ತೊಳೆದುಕೊಂಡು ಬಂದ ನೀರು ಅದು. ನೀರಿಗೆ ಲೋಭ ಮಾಡಿದವರ ಬ್ಯಾಟರಿ ನನ್ನ ಮೇಜಿನ ಮೇಲೆ ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ. ಹೋದ ವಾರ ಒಂದು ಬಂತು. ಮುಚ್ಚಳ ತೆಗೆದು, ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನ ರಬ್ಬರ್ ಉಂಡೆ ಒತ್ತಿ ಎಳೆದರೆ ಐದು ಸೆಲ್ಲುಗಳಲ್ಲಿ ಗಾಜಿನ ತೇಲು 1.23ರವರೆಗೆ ಎದ್ದು ನಿಂತಿತು, ನಾಲ್ಕನೆಯ ಸೆಲ್ಲಿನಲ್ಲಿ ಮಾತ್ರ 1.13ಕ್ಕೇ ತಳ ಹಿಡಿದು ಕೂತಿತು. ಎಳೆದ ಆಮ್ಲ ಚಹಾದ ಕೊನೆಯ ಗುಟುಕಿನ ಬಣ್ಣಕ್ಕಿತ್ತು. ಯಾವ ನೀರು ಹಾಕುತ್ತೀರಿ ಎಂದು ಕೇಳಿದರೆ "ಫಿಲ್ಟರ್ ನೀರು" ಎಂದರು.

ದಂಬೆ:
ಫಿಲ್ಟರ್ ನೀರು ಎಂದರೇ ಹೊರತು ಮಳೆಯ ನೀರು ಎಂದರೇ? ನನ್ನ ವಾದಕ್ಕೇ ನೀವು ಸಾಕ್ಷಿ ಹೇಳುತ್ತಿದ್ದೀರಿ.

ಸಾಗರದ ಮೇಷ್ಟ್ರು:
ಒಂದು ಸೆಲ್ಲು ಮಾತ್ರ ಕೆಟ್ಟಿದೆಯೆಂದರೆ ಅದು ನೀರಿನ ದೋಷವೇ ಆಗಿರಬೇಕೆಂದಿಲ್ಲ. ಒಂದೇ ಕ್ಯಾನಿನ ನೀರು ಆರೂ ಸೆಲ್ಲಿಗೆ ಬಿದ್ದಿರುತ್ತದೆ. ಒಳಗೆ ಶಾರ್ಟ್ ಆಗಿದ್ದರೂ ಹೀಗೆಯೇ ಕಾಣುತ್ತದೆ. ಸಾಕ್ಷ್ಯವನ್ನು ಹೀಗೆ ಬೇಕಾದಂತೆ ಬಳಸುವುದು ಸರಿಯಲ್ಲ.

ಬೆಸುಗೆ:
ಮೇಷ್ಟ್ರೇ, ನಾನು ನಿಮ್ಮ ಪರವಾಗಿಯೇ ಮಾತನಾಡುತ್ತಿದ್ದೆ.

ಸಾಗರದ ಮೇಷ್ಟ್ರು:
ಪರವಾಗಿ ಮಾತನಾಡುವಾಗಲೂ ತರ್ಕ ನೆಟ್ಟಗಿರಬೇಕು.

ಮಾಡಿನಡಿ:
ನಾನು ಬರೆದದ್ದು ಎರಡು ಪ್ಯಾರಾ, ಚರ್ಚೆಯಾದದ್ದು ಕೊನೆಯ ಅರ್ಧ ವಾಕ್ಯ. ಬೆಸುಗೆಯವರ ಚಾರ್ಜರಿನ ಪ್ರಶ್ನೆಗೆ ಉತ್ತರ ಕೊಟ್ಟು ನನ್ನ ಪಾಲನ್ನು ಮುಗಿಸುತ್ತೇನೆ. ಎರಡು ಗಂಟೆಯಲ್ಲಿ ಎರಡಕ್ಕೂ 30 ಎಎಚ್ ಮಾತ್ರ ಹೋಗುತ್ತದೆ ಎಂಬುದು 15 ಆಂಪಿಯರಿನ ಹಳೆಯ ಇನ್ವರ್ಟರಿಗೆ ಸರಿ. ಆದರೆ ಸೀಸದ್ದು ಮುಕ್ಕಾಲು ತುಂಬಿದ ಮೇಲೆ ಆ 15 ಆಂಪಿಯರನ್ನೂ ಪೂರ್ತಿ ತೆಗೆದುಕೊಳ್ಳದೆ, ಕೊನೆಯ ಪಾಲಿಗೆ ಗಂಟೆಗಟ್ಟಲೆ ಕಾಯಿಸುತ್ತದೆ. ಲಿಥಿಯಂ ಹೆಚ್ಚುಕಡಿಮೆ ತುದಿಯವರೆಗೂ ಕೊಟ್ಟಷ್ಟನ್ನು ಉಣ್ಣುತ್ತದೆ. ಜೊತೆಗೆ, ಲಿಥಿಯಂ ಕೊಳ್ಳುವವರು ಇನ್ವರ್ಟರಿನಲ್ಲಿ ಅದಕ್ಕೆಂದೇ ಚಾರ್ಜಿಂಗ್ ಆಯ್ಕೆ ಇದೆಯೇ ಎಂದು ನೋಡಲೇಬೇಕು. ಸೀಸಕ್ಕೆ ಹೊಂದಿಸಿದ ಇನ್ವರ್ಟರಿನಲ್ಲಿ ನಡುನಡುವೆ ವೋಲ್ಟೇಜ್ ಏರಿಸಿ ಕುದಿಸುವ ಕ್ರಮವಿದ್ದರೆ ಬಿಎಂಎಸ್ ಸಂಪರ್ಕವನ್ನೇ ಕಡಿದುಬಿಡುತ್ತದೆ.

ಬೆಸುಗೆ:
"ಹಳೆಯ ಇನ್ವರ್ಟರಿಗೆ ಸರಿ" ಎಂದಿರಿ. ನಮ್ಮ ಜಿಲ್ಲೆಯ ಮನೆಗಳಲ್ಲಿ ಇರುವುದೇ ಹಳೆಯ ಇನ್ವರ್ಟರ್. ಅಂದರೆ ಬ್ಯಾಟರಿಯ ಜೊತೆಗೆ ಇನ್ವರ್ಟರನ್ನೂ ಹೊಸದಾಗಿ ಕೊಳ್ಳಿ ಎಂಬುದು ನಿಮ್ಮ ಸಲಹೆ. ಅದನ್ನು ಮೊದಲ ಸಾಲಿನಲ್ಲೇ ಬರೆದಿದ್ದರೆ ಇಷ್ಟು ಉದ್ದ ಬೆಳೆಯುತ್ತಿರಲಿಲ್ಲ.

ಹುಲಿಕಲ್ ಮಳೆ:
ಇಲ್ಲಿ ಉದ್ದ ಬೆಳೆದದ್ದು ನೀರಿನ ಮಾತು, ಇನ್ವರ್ಟರಿನದಲ್ಲ.

ದಂಬೆ:
ನೀರಿನ ಮಾತು ಇನ್ನೂ ಮುಗಿದಿಲ್ಲ. ಮಾಡಿನಡಿಯವರು ಬರೆದದ್ದು "ಸೂರಿನ ನೀರು". ನಾನು ಹೇಳುತ್ತಿರುವುದು ಅಂಗಳದಲ್ಲಿ ಬಿಡಿಯಾಗಿ ಹಿಡಿದ ನೀರು, 6 ತೋರಿಸಿದ ನೀರು. ಅದನ್ನು ಹಾಕಬಾರದು ಎಂದು ಈವರೆಗೆ ಇಲ್ಲಿ ಯಾರೂ ಸಾಧಿಸಿಲ್ಲ.

ಸಾಗರದ ಮೇಷ್ಟ್ರು:
ಎರಡನೆಯ ಬಾರಿ ಬರೆದಾಗ ದಂಬೆ ಕಟ್ಟಿದ್ದು ಅಂಗಳಕ್ಕೆ ಹೋಯಿತೇ? ಮೊದಲ ಬಾರಿ ಮಾಡಿಗಿತ್ತು.