ಅಂಬಾಸಿಡರ್ ಮಾರ್ಕ್ 3: ಸೆಲ್ಫ್ ಹೊಡೆದರೆ ಕರ್‌ಕರ್ ಸದ್ದು, ಮೋಟಾರ್ ಬದಲಿಸಬೇಕಾ?

ಪ್ರಶ್ನೆ:
ನಮ್ಮ ತಂದೆಯವರ 1977ರ ಅಂಬಾಸಿಡರ್, 1489 ಸಿಸಿ ಪೆಟ್ರೋಲ್ ಎಂಜಿನ್. ಹತ್ತು ಸಲ ಸೆಲ್ಫ್ ಹೊಡೆದರೆ ಏಳು ಸಲ ಸಲೀಸಾಗಿ ಸ್ಟಾರ್ಟ್ ಆಗುತ್ತೆ. ಇನ್ನು ಮೂರು ಸಲ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಹಾಗೆ ಕರ್‌ರ್ ಅನ್ನುತ್ತೆ, ಎಂಜಿನ್ ಅಲ್ಲಾಡಲ್ಲ. ಗೇರಿಗೆ ಹಾಕಿ ಗೇಣುದ್ದ ಮುಂದಕ್ಕೆ ತಳ್ಳಿದರೆ ಮತ್ತೆ ಸರಿ. ಎಲೆಕ್ಟ್ರಿಷಿಯನ್ ಒಬ್ಬರು ಬಿಚ್ಚಿ ನೋಡದೆಯೇ ಸೆಲ್ಫ್ ಮೋಟಾರ್ ಹೋಗಿದೆ ಅಂದರು. ಅಪ್ಪ ಓಡಿಸಿದ ಗಾಡಿ, ಆದಷ್ಟೂ ಹಳೆಯ ಭಾಗಗಳಲ್ಲೇ ಉಳಿಸಿಕೊಳ್ಳುವ ಆಸೆ. ಮನೆಯಲ್ಲೇ ಏನೇನು ನೋಡಬಹುದು ಸರ್?

ಉತ್ತರ:
ಈಗಲೇ ಮೋಟಾರ್ ಕೊಳ್ಳಬೇಡಿ. ಗೇಣುದ್ದ ತಳ್ಳಿದರೆ ಸರಿಯಾಗುತ್ತೆ ಅಂದಿರಲ್ಲ, ಆ ಒಂದು ಮಾತಿಗೇ ನನ್ನ ಅನುಮಾನ ರಿಂಗ್ ಗೇರ್ (ಎಂಜಿನ್ ಹಿಂದಿನ ಭಾರದ ಚಕ್ರ ಫ್ಲೈವೀಲ್ ಅಂಚಿಗೆ ಕೂರಿಸಿದ ಹಲ್ಲಿನ ಬಳೆ) ಮೇಲೆ ಹೋಗುತ್ತೆ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಅರ್ಧ ಸುತ್ತಿಗೊಂದು ಕಂಪ್ರೆಶನ್ (ಪಿಸ್ಟನ್ ಗಾಳಿಯನ್ನು ಒತ್ತುವ ಘಟ್ಟ) ಬರುತ್ತೆ. ಎಂಜಿನ್ ಆಫ್ ಆದಾಗ ಫ್ಲೈವೀಲ್ ಆ ಕಂಪ್ರೆಶನ್ನಿಗೆ ತಡೆದು ನಿಲ್ಲುತ್ತೆ, ಹಾಗಾಗಿ ಹೆಚ್ಚುಕಡಿಮೆ ಎರಡೇ ಜಾಗದಲ್ಲಿ ನಿಲ್ಲೋದು. ನಲವತ್ತೈವತ್ತು ವರ್ಷ ಆ ಎರಡು ಕಡೆಯ ಹಲ್ಲುಗಳೇ ಸೆಲ್ಫ್ ಮೋಟಾರಿನ ಪುಟ್ಟ ಹಲ್ಲುಚಕ್ರ ಪಿನಿಯನ್‌ನ ಏಟು ತಿಂದಿರುತ್ತವೆ.

ನಿಮ್ಮ ಗಾಡಿಯಲ್ಲಿ ಹಳೇ ಬೆಂಡಿಕ್ಸ್ (ಪಿನಿಯನ್ ಅನ್ನು ಮುಂದಕ್ಕೆ ಸರಿಸುವ ಜೋಡಣೆ) ಇದ್ದರೆ ಅದು ಕೆಲಸ ಮಾಡುವ ರೀತಿ ಹೀಗೆ: ಮೋಟಾರ್ ದಿಢೀರನೆ ತಿರುಗಿದಾಗ ಪಿನಿಯನ್ ತನ್ನ ಭಾರಕ್ಕೆ ಹಿಂದುಳಿದು, ಸ್ಕ್ರೂ ಮರೆಯ (ಸುರುಳಿ ಗೆರೆಯ) ಮೇಲೆ ಸರಿದು ರಿಂಗ್ ಗೇರಿಗೆ ಕಚ್ಚುತ್ತೆ. ಎಂಜಿನ್ ಹತ್ತಿಕೊಂಡ ಕೂಡಲೇ ರಿಂಗ್ ಗೇರೇ ಅದನ್ನು ವಾಪಸ್ ಎಸೆಯುತ್ತೆ. ಬ್ಯಾಟರಿ ಸೋತಿದ್ದರೆ ಮೋಟಾರ್ ತಿರುಗುವ ರಭಸ ಸಾಲದೆ ಹಲ್ಲು ತುದಿಯಲ್ಲೇ ಉಜ್ಜುತ್ತೆ. ಅದಕ್ಕೇ ಮೊದಲು ಕರೆಂಟ್ ನೋಡಿ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು, ಎಂಜಿನ್ ಹತ್ತದ ಹಾಗೆ ಕಾಯಿಲ್ ವೈರ್ ಬಿಚ್ಚಿಡಿ. ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ಹತ್ತಿರ ಇರಬೇಕು, ಸೆಲ್ಫ್ ಹೊಡೆಯುವಾಗ 10ಕ್ಕಿಂತ ಕೆಳಗೆ ಇಳಿಯಬಾರದು. ಆಮೇಲೆ ಬ್ಯಾಟರಿಯ ಅರ್ತ್ (ಗಾಡಿಯ ಬಾಡಿಗೆ ಸೇರುವ) ಕಡೆಯ ಟರ್ಮಿನಲ್‌ಗೆ ವೋಲ್ಟ್ ಮೀಟರಿನ ಒಂದು ಕಡ್ಡಿ, ಎಂಜಿನ್ ಬ್ಲಾಕಿಗೆ ಇನ್ನೊಂದು ಕಡ್ಡಿ ಇಟ್ಟು ಮತ್ತೆ ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಪಟ್ಟಿ ಬಿಚ್ಚಿ ತುಕ್ಕು ಉಜ್ಜಿ.

ಇಷ್ಟಾದ ಮೇಲೆ ಬ್ಯಾಟರಿ ತಂತಿ ತೆಗೆದು ಮೋಟಾರ್ ಇಳಿಸಿ. ಎರಡೇ ಬೋಲ್ಟ್. ಅವು ಸಡಿಲ ಇದ್ದವಾ ಅಂತ ಬಿಚ್ಚುವಾಗಲೇ ಗಮನಿಸಿ, ಸಡಿಲ ಇದ್ದರೂ ಇದೇ ಸದ್ದು ಬರುತ್ತೆ. ಗಾಡಿ ಕೆಳಗೆ ಹೋಗುವುದಾದರೆ ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಸ್ಪಾರ್ಕ್ ಪ್ಲಗ್ ನಾಲ್ಕನ್ನೂ ತೆಗೆದು, ಒಬ್ಬರು ಮುಂದಿನಿಂದ ಹ್ಯಾಂಡಲ್‌ನಲ್ಲಿ ಎಂಜಿನ್ ನಿಧಾನ ತಿರುಗಿಸಲಿ. ಮೋಟಾರ್ ಇದ್ದ ತೂತಿನಲ್ಲಿ ಟಾರ್ಚ್ ಬಿಟ್ಟು ಹಲ್ಲು ಹಲ್ಲೂ ನೋಡಿ, ಸವೆದ ಕಡೆ ಸೀಮೆಸುಣ್ಣದ ಗುರುತು ಹಾಕಿ.

ಮತ್ತೆ ಕೇಳಿದವರು:
ನೋಡಿದೆ ಸರ್. 12.5 ಇದ್ದದ್ದು 10.3ಕ್ಕೆ ಇಳಿಯಿತು. ಅರ್ತ್ 0.7 ಇತ್ತು, ಉಜ್ಜಿದ ಮೇಲೆ 0.2. ಸದ್ದು ಕಡಿಮೆಯಾಯಿತು, ಹೋಗಲಿಲ್ಲ. ಬೋಲ್ಟ್ ಬಿಗಿಯಾಗೇ ಇದ್ದವು. ನಿಮ್ಮ ಮಾತು ನಿಜ, ಸರಿಯಾಗಿ ಅರ್ಧ ಸುತ್ತಿನ ಅಂತರದಲ್ಲಿ ಎರಡು ಕಡೆ ಐದಾರು ಹಲ್ಲು ಇಲಿ ಕಡಿದ ಹಾಗಿವೆ. ಪಿನಿಯನ್ ಹಲ್ಲಿನ ತುದಿಯೂ ಮೊಂಡಾಗಿದೆ. ಯಾರೋ ಬೆಂಡಿಕ್ಸ್ ಮರೆಗೆ ಗ್ರೀಸ್ ಮೆತ್ತಿದ್ದಾರೆ, ಕಪ್ಪು ಅಂಟಾಗಿದೆ.

ಉತ್ತರ:
ಆ ಗ್ರೀಸ್ ನೋಡಿದರೆ ನನಗೆ ಹೊಟ್ಟೆ ಉರಿಯುತ್ತೆ, ಒಳ್ಳೆಯದು ಮಾಡುತ್ತೇವೆ ಅಂತ ಹಚ್ಚಿ ಎಷ್ಟೋ ಮೋಟಾರ್ ಕೆಡಿಸಿದ್ದಾರೆ. ಕ್ಲಚ್ ಪುಡಿ ಅದಕ್ಕೆ ಅಂಟಿ ಪಿನಿಯನ್ ಸಲೀಸಾಗಿ ಸರಿಯಲ್ಲ. ಸೀಮೆಎಣ್ಣೆಯಲ್ಲಿ ಬ್ರಷ್ ಹಾಕಿ ತೊಳೆದು, ಪೂರ್ತಿ ಒಣಗಿಸಿ, ಹಾಗೇ ಬಿಡಿ. ಪಿನಿಯನ್ ಕೈಯಲ್ಲಿ ತಿರುಗಿಸಿದರೆ ಜಾರಿ ಹೋಗಿ ಸ್ಪ್ರಿಂಗಿಗೆ ವಾಪಸ್ ಬರಬೇಕು. ಆರ್ಮೇಚರ್ ಕಡ್ಡಿ (ಮೋಟಾರಿನ ತಿರುಗುವ ಶಾಫ್ಟ್) ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ, ಆಟ ಇದ್ದರೆ ಅದು ಕೂರುವ ಬಳೆ, ಅಂದರೆ ಬುಷ್ ಹಾಕಿಸಿ.

ರಿಂಗ್ ಗೇರಿಗೆ ಗೇರ್‌ಬಾಕ್ಸ್ ಇಳಿಸಲೇಬೇಕು, ಅದು ಮನೆ ಕೆಲಸ ಅಲ್ಲ. ಹಲ್ಲು ಬರೀ ಸವೆದಿದ್ದರೆ ರಿಂಗ್ ಕಾಯಿಸಿ ಬಿಚ್ಚಿ 90 ಡಿಗ್ರಿ ತಿರುಗಿಸಿ ಕೂರಿಸಿದರೆ ಸವೆಯದ ಜಾಗಕ್ಕೆ ಏಟು ಬೀಳುತ್ತೆ. ಮುರಿದಿದ್ದರೆ ಹೊಸ ರಿಂಗ್ ಮತ್ತು ಹೊಸ ಪಿನಿಯನ್ ಜೊತೆಯಾಗಿ. ಹೊಸದಕ್ಕೆ ಹಳೆಯ ಪಿನಿಯನ್ ಜೋಡಿಸಿದರೆ ಬೇಗನೆ ಅದನ್ನೂ ತಿನ್ನುತ್ತೆ. ಗೇರ್‌ಬಾಕ್ಸ್ ಕೆಳಗಿರುವಾಗಲೇ ಕ್ಲಚ್ ಪ್ಲೇಟೂ ನೋಡಿಸಿ.

ಮತ್ತೆ ಕೇಳಿದವರು:
ಎರಡು ಹಲ್ಲು ಮುರಿದಿದ್ದವು, ಹೊಸ ರಿಂಗ್ ಮತ್ತು ಪಿನಿಯನ್ ಹಾಕಿಸಿದೆ, ಬುಷ್ ಕೂಡ. ಮೋಟಾರ್ ಅಪ್ಪನ ಕಾಲದ್ದೇ ಉಳಿಯಿತು. ಮೂರು ವಾರದಿಂದ ಬೆಳಗ್ಗೆ ಸಂಜೆ ಹೊಡೆಯುತ್ತಿದ್ದೇನೆ, ಒಂದು ಸಲವೂ ಉಜ್ಜಿಲ್ಲ. ತುಂಬಾ ಉಪಕಾರವಾಯಿತು ಸರ್.