ಓದುಗರ ಸ್ಪಂದನ: ಲಿಫ್ಟಿನಲ್ಲಿ ಒರೆಸಿದ ಬೂದಿ

ಸಮಸ್ಯೆ: ಬೆಂಗಳೂರಿನ ಖಾಸಗಿ ಕಂಪನಿಯಲ್ಲಿ ಕೆಲಸ. ಬೂದಿ ಬುಧವಾರ (ಈಸ್ಟರ್ ಮುಂಚಿನ ತಪಸ್ಸುಕಾಲದ ಮೊದಲ ದಿನ) ಹಣೆಗೆ ಬೂದಿ ಹಚ್ಚಿಸಿಕೊಂಡು ಚರ್ಚ್‌ನಿಂದ ಬಂದವಳು ಆಫೀಸಿನ ಲಿಫ್ಟಿನಲ್ಲೇ ಹಣೆ ಒರೆಸಿಕೊಳ್ಳುತ್ತೇನೆ. ಊಟಕ್ಕೆ ಮುಂಚೆ ಶಿಲುಬೆ ಗುರುತು ಹಾಕಲು ಸಂಕೋಚ. ಆಯುಧಪೂಜೆ ದಿನ ರಜೆ ಹಾಕಿ ತಪ್ಪಿಸಿಕೊಳ್ಳುತ್ತೇನೆ. ಇದು ಹೇಡಿತನವೇ?

ತಂಗಿ, ಒರೆಸಿದ್ದೇ ತಪ್ಪಲ್ಲ. ಅಂದಿನ ಬಲಿಪೂಜೆಯಲ್ಲಿ (ಚರ್ಚಿನ ಮಾಸ್) ಓದುವ ಶುಭಸಂದೇಶ ಬೈಬಲಿನ ಮತ್ತಾಯನ 6ನೇ ಅಧ್ಯಾಯದ್ದು. ಉಪವಾಸವಿರುವಾಗ ಮುಖ ತೊಳೆದುಕೋ ಎಂದೇ ಅದರಲ್ಲಿದೆ. ಸಂಜೆಯವರೆಗೆ ಬೂದಿ ಇರಲೇಬೇಕೆಂಬ ನಿಯಮ ಇಲ್ಲ. ಹೆಲ್ಮೆಟ್ ಹಾಕಿದರೆ ಹೇಗೂ ಅರ್ಧ ಉಳಿಯುವುದಿಲ್ಲ! ನಿಯಮ ಇರುವುದು ಊಟಕ್ಕೆ. 14 ತುಂಬಿದವರು ಅಂದು ಮಾಂಸ ಮುಟ್ಟುವಂತಿಲ್ಲ. 18 ತುಂಬಿದವರಿಂದ 59ರವರೆಗೆ ಹೊಟ್ಟೆ ತುಂಬ ಒಂದೇ ಊಟ. ಇನ್ನೆರಡು ಹೊತ್ತು ಸ್ವಲ್ಪ ತಿನ್ನಬಹುದು, ಆದರೆ ಎರಡೂ ಸೇರಿ ಒಂದು ಊಟದಷ್ಟಾಗಬಾರದು. ಶುಭ ಶುಕ್ರವಾರವೂ ಹೀಗೇ. ಯಾರಾದರೂ ಬಿರಿಯಾನಿ ಮುಂದಿಟ್ಟಾಗ ‘ಗ್ಯಾಸ್ಟ್ರಿಕ್’ ಅನ್ನಬೇಡಿ. ‘ಇವತ್ತು ನಮ್ಮ ಉಪವಾಸ, ನಾಳೆ ತಿಂತೀನಿ’ ಅಂದರೆ ಮುಗಿಯಿತು. ಬೂದಿ ಒರೆಸುವುದಕ್ಕಿಂತ ಆ ಸುಳ್ಳೇ ಭಾರ.
– ಓದುಗರು, ಮಂಗಳೂರು

ಆಯುಧಪೂಜೆಗೆ ರಜೆ ಹಾಕಬೇಡಿ ಸಹೋದರಿ. ಆ ದಿನದ ಕೆಲಸವೆಲ್ಲ ಪೂಜೆಯೇ ಅಲ್ಲ. ಟೇಬಲ್ ಒರೆಸುವುದು, ಮಾವಿನ ತೋರಣ ಕಟ್ಟುವುದು, ಮಾರ್ಕೆಟ್ಟಿನಿಂದ ಬೂದುಗುಂಬಳ, ಚೆಂಡುಹೂ ತರುವುದಕ್ಕೆ ಕೈಜೋಡಿಸಿ. ಪೂಜೆಯಲ್ಲಿ ಪಾಲ್ಗೊಳ್ಳುವುದಿಲ್ಲ ಎಂಬುದನ್ನು ಏರ್ಪಾಡು ಮಾಡುವವರಿಗೆ ಎರಡು ಮೂರು ದಿನ ಮೊದಲೇ, ಒಬ್ಬರೇ ಇರುವಾಗ ಹೇಳಿ. ಎಲ್ಲರೂ ಎಡವುವುದು ಇಲ್ಲೇ: ಬಾಯಿಬಿಡದೆ ನಿಂತಿದ್ದು, ಮಂಗಳಾರತಿ ತಟ್ಟೆ ಎದುರಿಗೆ ಬಂದಾಗ ಕೈ ಹಿಂದಕ್ಕೆಳೆದುಕೊಂಡರೆ ತಂದವರಿಗೆ ಅವಮಾನ. ಮೊದಲೇ ಹೇಳಿದ್ದರೆ ತಟ್ಟೆ ತಾನಾಗಿ ಮುಂದಕ್ಕೆ ಹೋಗುತ್ತದೆ.

ಕಡಲೆಪುರಿ, ಸಿಹಿ ಹಂಚಿದಾಗ? ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯ, 25ರಿಂದ 29ನೇ ವಚನ ಓದಿ. ಅಂಗಡಿಯಲ್ಲಿ ಮಾರುವುದನ್ನು ವಿಚಾರಿಸದೆ ತಿನ್ನಿ. ‘ಇದು ನೈವೇದ್ಯ’ ಎಂದು ಯಾರಾದರೂ ಹೇಳಿದರೆ, ಹಾಗೆ ಹೇಳಿದವನ ಮನಸ್ಸಾಕ್ಷಿಗಾಗಿ ಬಿಡಿ ಎನ್ನುತ್ತಾನೆ. ನಿಮ್ಮ ಫಾದರ್ ಹತ್ತಿರ ಒಮ್ಮೆ ಕೇಳಿ ಒಂದು ತೀರ್ಮಾನಕ್ಕೆ ಬನ್ನಿ. ಒಂದು ವರ್ಷ ತಿಂದು, ಮರುವರ್ಷ ಮುಖ ತಿರುಗಿಸಿದರೆ ಜೊತೆಯವರಿಗೆ ಗೊಂದಲ.
– ಸಭಾಪಾಲಕರು, ಧಾರವಾಡ

ಶಿಲುಬೆ ಗುರುತಿಗೆ ಬೇಕಾದದ್ದು ಇಷ್ಟೇ: ಡಬ್ಬಿ ತೆರೆದು, ಮೊದಲ ತುತ್ತಿಗೆ ಮುಂಚೆ, ಹತ್ತು ಸೆಕೆಂಡು. ಮೂಗು ಕೆರೆದುಕೊಂಡಂತೆ ಗಡಿಬಿಡಿಯಲ್ಲಿ ಗುರುತು ಹಾಕಿದರೇ ಎಲ್ಲರ ಕಣ್ಣು ಬೀಳುವುದು. ಉದ್ದದ ಪ್ರಾರ್ಥನೆ ಮನೆಗಿರಲಿ. ಪಕ್ಕದವರು ಕೈಯಲ್ಲಿ ತುತ್ತು ಹಿಡಿದು ಕಾಯುವಂತಾಗಬಾರದು.
– ಓದುಗರು, ಶಿವಮೊಗ್ಗ

ಧೈರ್ಯ ಬಂದ ಮೇಲೆ ಅತಿ ಮಾಡುವವರೂ ಇದ್ದಾರೆ, ಅದಕ್ಕೇ ಈ ಮಾತು. ಸಂವಿಧಾನದ 25ನೇ ವಿಧಿ ಧರ್ಮವನ್ನು ಅನುಸರಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಆಫೀಸಿನ ವಾಟ್ಸಾಪ್ ಗುಂಪಿಗೆ ದಿನಾ ಬೈಬಲ್ ವಚನ ಬೇಡ. ಕೈಕೆಳಗಿನವರನ್ನು ಪ್ರಾರ್ಥನಾ ಕೂಟಕ್ಕೆ ಕರೆಯುವುದಂತೂ ಬೇಡವೇ ಬೇಡ. ಇಲ್ಲ ಎನ್ನಲು ಅವರಿಗೆ ಆಗುವುದಿಲ್ಲ. ‘ನಿಮ್ಮದು ವಿದೇಶಿ ಮತ’ ಎಂದು ಯಾರಾದರೂ ಕೆಣಕಿದರೆ, ಕ್ರೈಸ್ತ ಮಿಷನರಿಗಳು ತಂದ 1843ರ ಮಂಗಳೂರ ಸಮಾಚಾರ ಪತ್ರಿಕೆ, 1894ರ ಕಿಟ್ಟೆಲ್ ಕನ್ನಡ ನಿಘಂಟು ಎಂದು ಪಟ್ಟಿ ಒಪ್ಪಿಸಬೇಡಿ. ಅವು ನಿಜವೇ, ಆದರೆ ಕೆಣಕುವವರು ಚರಿತ್ರೆ ಕಲಿಯಲು ಬಂದಿರುವುದಿಲ್ಲ.

ಪೇತ್ರನ ಮೊದಲ ಪತ್ರದಲ್ಲಿ (3:15) ಉತ್ತರ ಕೊಡಲು ಸಿದ್ಧವಾಗಿರಿ ಎಂದಿರುವುದು ಕೇಳಿದವರಿಗೆ, ಅದೂ ಸೌಮ್ಯವಾಗಿ. ಕ್ರಿಸ್‌ಮಸ್‌ಗೆ ಕಲ್‌ಕಲ್, ರೋಸ್ ಕುಕ್ಕೀಸ್ ಡಬ್ಬಿ ತಂದಿಡಿ. ಹಬ್ಬ ಏನೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಎರಡು ವಾಕ್ಯದಲ್ಲಿ ಹೇಳಿ.
– ಓದುಗರು, ಬೆಂಗಳೂರು